‘ಆಗಿಬರುವುದಿಲ್ಲ’ ಎಂದರೆ ಸಾಲದು

ನಮ್ಮಪ್ಪ ಶೇಂಗಾ ಬೆಳೆಯುತ್ತಿದ್ದರು. ಶಿರಹಟ್ಟಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡ ದೂರಕ್ಕೆ ಕಾಣುವ ಕಡೆ ನಾಲ್ಕು ಎಕರೆ ಮಸಾರಿ ಹೊಲ. ಮುಂಗಾರು ಹದವಾಗಿ ಬಿದ್ದರೆ ಜೂನ್‌ನಲ್ಲಿ ಬಿತ್ತನೆ, ದಸರೆಯ ಆಸುಪಾಸಿನಲ್ಲಿ ಬಳ್ಳಿ ಕೀಳುವುದು. ಅಂಗಳದ ತುಂಬ ಕಾಯಿ ಹರವಿದ ದಿನಗಳಲ್ಲಿ ಹೊಸ್ತಿಲು ಮುಟ್ಟಬೇಕಾದರೆ ಕಾಲಿಡಲು ಜಾಗ ಹುಡುಕಬೇಕಿತ್ತು. ಆ ಮನೆಯ ಮಗಳಾದ ನನಗೆ ಶೇಂಗಾ ವಿಷ. ಈ ಮಾತು ಹೇಳಿದರೆ ಹುಬ್ಬಳ್ಳಿಯ ನನ್ನ ಕಚೇರಿಯಲ್ಲಿ ಈಗಲೂ ನಗುತ್ತಾರೆ. ನಾನೂ ನಗುತ್ತೇನೆ.

ಆರೇಳು ವರ್ಷದವಳಿದ್ದಾಗ ಒಂದು ಸಂಜೆ ಹೊಲದಲ್ಲಿ ಹಸಿ ಕಾಯಿಗಳನ್ನು ಸುಟ್ಟು ಎಲ್ಲರೂ ತಿಂದೆವು. ಮನೆಗೆ ಬರುವಷ್ಟರಲ್ಲಿ ನನ್ನ ತುಟಿ ಊದಿ, ಮೈತುಂಬ ಗಂಧೆ ಎದ್ದಿದ್ದವು. ಅವ್ವ ‘ಪಿತ್ತದ ಗಂಧೆ’ ಎಂದು ಕರಿಕಂಬಳಿ ಹೊದಿಸಿ ಮೈ ಉಜ್ಜಿದಳು. ಅಜ್ಜಿ ಉಪ್ಪು, ಒಣಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲವಾದ್ದರಿಂದ ದೃಷ್ಟಿ ಬಲವಾಗಿಯೇ ತಗುಲಿದೆ ಎಂದು ತೀರ್ಮಾನವಾಯಿತು. ಬಿಸಿಲಿನ ಮೇಲೆ, ಹಿಂದಿನ ದಿನದ ಬದನೆಕಾಯಿಯ ಮೇಲೆ, ಎದುರುಮನೆಯ ಹೆಂಗಸಿನ ಕಣ್ಣಿನ ಮೇಲೆ ಅನುಮಾನ ಬಂತು. ಶೇಂಗಾದ ಮೇಲೆ ಯಾರಿಗೂ ಬರಲಿಲ್ಲ. ಸಾಲ ತೀರಿಸುವ ಬೆಳೆಯ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ?

ಮುಂದೆ ನಾಲಿಗೆಯೇ ನನಗೆ ಪಾಠ ಹೇಳಿತು. ಒಂದು ಕಾಳು ಬಾಯಿಗೆ ಹೋದರೂ ಗಂಟಲು ಕೆರೆಯುತ್ತಿತ್ತು, ಬಿಟ್ಟುಬಿಟ್ಟೆ. ಯಾರಾದರೂ ಕೊಟ್ಟರೆ ‘ನನಗೆ ಶೇಂಗಾ ಆಗಿಬರುವುದಿಲ್ಲ’ ಎನ್ನುತ್ತಿದ್ದೆ.

ಈ ‘ಆಗಿಬರುವುದಿಲ್ಲ’ ಎಂಬ ಮಾತಿನ ಬಗ್ಗೆಯೇ ನಾನು ಇವತ್ತು ಬರೆಯಲು ಕೂತಿರುವುದು. ನಮ್ಮ ಕಡೆ ಇದು ಬಹಳ ಮೆದುವಾದ ಮಾತು. ಒಬ್ಬರಿಗೆ ಬದನೆಕಾಯಿ ಆಗಿಬರುವುದಿಲ್ಲ, ಇನ್ನೊಬ್ಬರಿಗೆ ರಾತ್ರಿ ಮೊಸರು ಆಗಿಬರುವುದಿಲ್ಲ, ಮತ್ತೊಬ್ಬರಿಗೆ ಪೂರ್ವ ದಿಕ್ಕಿನ ಬಾಗಿಲೇ ಆಗಿಬರುವುದಿಲ್ಲ. ಕೇಳಿದವರು ತಲೆಯಾಡಿಸುತ್ತಾರೆ, ‘ಒಂದು ಚೂರಿನಿಂದ ಏನೂ ಆಗುವುದಿಲ್ಲ ಬಿಡು’ ಎಂದು ತಟ್ಟೆಗೆ ಹಾಕುತ್ತಾರೆ. ತಪ್ಪು ಅವರದಲ್ಲ. ಜೀವಕ್ಕೆ ಕುತ್ತು ಎಂದು ಹೇಳಬೇಕಾದಲ್ಲಿ ಹೊಟ್ಟೆಯುಬ್ಬರದ ಮಾತು ಹೇಳಿ, ಅವರು ಜೀವದ ಮಾತನ್ನೇ ಕೇಳಿಸಿಕೊಳ್ಳಲಿ ಎಂದು ಬಯಸಿದವಳು ನಾನು.

ರೋಗದ ಹೆಸರು ಗೊತ್ತಾದದ್ದು 2012ರಲ್ಲಿ. ಕಚೇರಿಯಲ್ಲಿ ಸಹೋದ್ಯೋಗಿಯ ಡಬ್ಬಿಯಿಂದ ಅಗಸಿ ಹಿಂಡಿ ಹಚ್ಚಿಕೊಂಡು ಅರ್ಧ ರೊಟ್ಟಿ ತಿಂದಿದ್ದೆ. ಅಗಸಿಯ ಜೊತೆ ಶೇಂಗಾವನ್ನೂ ಸೇರಿಸಿ ಕುಟ್ಟಿದ್ದರು. ಉಸಿರು ಕಟ್ಟಿತು, ಆಸ್ಪತ್ರೆಗೆ ಹೋದೆವು. ಆಮೇಲೆ ಅಲರ್ಜಿ ವೈದ್ಯರು ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು ಸಣ್ಣಗೆ ಚುಚ್ಚಿದರು. ಹದಿನೈದು ನಿಮಿಷದೊಳಗೆ ಶೇಂಗಾ ಹನಿಯ ಜಾಗ ನಾಣ್ಯದಂತೆ ಎದ್ದು ನಿಂತಿತು. ಹೆಸರು, ತೊಗರಿ, ಕಡಲೆಗಳೂ ಅದೇ ದ್ವಿದಳ ಕುಲದವು, ಆದರೆ ಅವುಗಳ ಜಾಗ ಸುಮ್ಮನಿತ್ತು. ಅವನ್ನು ನಾನು ಧಾರಾಳವಾಗಿ ತಿನ್ನುತ್ತೇನೆ. ಅನಾಫಿಲ್ಯಾಕ್ಸಿಸ್, ಅಂದರೆ ಇಡೀ ಮೈಗೆ ಒಮ್ಮೆಲೇ ಎರಗಿ ಜೀವ ತೆಗೆಯಬಲ್ಲ ಅಲರ್ಜಿಯ ಆಘಾತ, ಎಂಬ ಪದವನ್ನು ಅಂದು ಮೊದಲ ಸಲ ಕೇಳಿದೆ. ವೈದ್ಯರು ಅಡ್ರಿನಲಿನ್ ಆಂಪ್ಯೂಲ್ (ಚುಚ್ಚುಮದ್ದಿನ ಪುಟ್ಟ ಗಾಜಿನ ಶೀಶೆ) ಬರೆದುಕೊಟ್ಟು, ‘ಇದು ಸದಾ ನಿಮ್ಮ ಕೈಗೆ ಸಿಗುವಂತಿರಬೇಕು’ ಎಂದರು. ನಾನು ಅದನ್ನು ತಂದು ಕಪಾಟಿನ ತಿಜೋರಿಯಲ್ಲಿ, ಬಂಗಾರದ ಪಕ್ಕದಲ್ಲಿ ಭದ್ರವಾಗಿಟ್ಟೆ.

ಎರಡು ವರ್ಷ ಅದು ಅಲ್ಲಿಯೇ ಇತ್ತು. 2014ರ ಮೇ ತಿಂಗಳಲ್ಲಿ ಸೋದರಮಾವನ ಮಗಳ ಮದುವೆಗೆ ಹಾವೇರಿ ಜಿಲ್ಲೆಯ ಒಂದು ಊರಿಗೆ ಹೋದೆವು. ರೇಷ್ಮೆ ಸೀರೆ, ಅಂಗೈಯಗಲದ ಪರ್ಸು. ಅದರಲ್ಲಿ ಮೊಬೈಲ್ ಹಿಡಿಯುವುದೇ ಕಷ್ಟವಾಗಿತ್ತು. ಮಧ್ಯಾಹ್ನ ಮೂರನೆಯ ಪಂಕ್ತಿಯಲ್ಲಿ ಕೂತೆ. ರೊಟ್ಟಿ, ಮಡಕಿಕಾಳು, ಹಸಿ ಉಳ್ಳಾಗಡ್ಡಿ, ಆಮೇಲೆ ತುಂಬಗಾಯಿ ಬದನೆಕಾಯಿ ಬಂತು. ಬಕೆಟ್ ಹಿಡಿದ ಹುಡುಗನಿಗೆ ಹದಿನಾರು ವರ್ಷವಿರಬಹುದು. ‘ತಮ್ಮಾ, ಇದರಲ್ಲಿ ಶೇಂಗಾ ಇದೆಯೇ?’ ಎಂದೆ. ಅವನು ಒಮ್ಮೆ ಬಕೆಟ್‌ನೊಳಗೆ ನೋಡಿ, ‘ಇಲ್ಲ ಅಕ್ಕಾ, ಗುರೆಳ್ಳು’ ಎಂದು ಬಡಿಸಿ ಮುಂದೆ ಸರಿದ. ಹಿಂದೆ ಕುರ್ಚಿ ಹಿಡಿದು ನಾಲ್ಕನೆಯ ಪಂಕ್ತಿಯ ಜನ ಕಾಯುತ್ತಿದ್ದರು. ಇನ್ನೊಮ್ಮೆ ಕೇಳಲು ನಾಚಿಕೆಯಾಯಿತು. ‘ಇವಳದೊಂದು ದೊಡ್ಡ ರಗಳೆ’ ಎಂದಾರು ಎಂಬ ಅಳುಕು. ತಿಂದೆ. ಚೆನ್ನಾಗಿಯೂ ಇತ್ತು.

ಕೈ ತೊಳೆಯುವ ಹೊತ್ತಿಗೆ ಅಂಗೈ ಉರಿಯತೊಡಗಿತು. ಬಳಿಕ ನೆತ್ತಿ, ಕಿವಿ. ಹೊಟ್ಟೆಯಲ್ಲಿ ಹಿಂಡಿದಂತಾಯಿತು. ದನಿ ನನ್ನದಲ್ಲದಂತೆ ಒಡೆಯಿತು. ಇವೆಲ್ಲಕ್ಕಿಂತ ಮೊದಲೇ ಬಂದದ್ದು, ಏನೋ ಕೆಟ್ಟದ್ದು ಆಗಿಯೇ ತೀರುತ್ತದೆ ಎಂಬ ಒಂದು ತಣ್ಣನೆಯ ಭಯ. ಅದೂ ಲಕ್ಷಣಗಳ ಪಟ್ಟಿಯಲ್ಲಿಯೇ ಇದೆ ಎಂದು ಆಮೇಲೆ ತಿಳಿಯಿತು. ಸುತ್ತ ನಿಂತವರಲ್ಲಿ ಒಬ್ಬರು ಲಿಂಬೆಹಣ್ಣಿನ ಶರಬತ್ತು ತಂದರು, ಒಬ್ಬರು ಜೀರಿಗೆ ಬಾಯಿಗೆ ಹಾಕಿಕೋ ಎಂದರು, ದೂರದ ಚಿಕ್ಕಪ್ಪ ಜೇಬಿನಿಂದ ತುರಿಕೆ ಗುಳಿಗೆ ತೆಗೆದುಕೊಟ್ಟ. ನಾನು ಅದನ್ನು ನುಂಗಿ, ‘ಈಗ ಸರಿಹೋಗುತ್ತದೆ’ ಎಂದು ಎದ್ದು ಕಾರಿನವರೆಗೆ ನಡೆದೆ. ಕಾರಿನ ಬಾಗಿಲಲ್ಲಿ ಕಣ್ಣು ಕತ್ತಲಿಟ್ಟಿತು.

ಇಲ್ಲಿ ಎಷ್ಟು ತಪ್ಪುಗಳಿವೆ ಎಂದು ಈಗ ಲೆಕ್ಕ ಹಾಕಬಲ್ಲೆ, ಲೆಕ್ಕಪತ್ರ ನನ್ನ ಹೊಟ್ಟೆಪಾಡಿನ ಕೆಲಸ. ತುರಿಕೆ ಗುಳಿಗೆ ಗಂಧೆಯನ್ನು ಕಡಿಮೆ ಮಾಡೀತು, ಕುಸಿಯುವ ರಕ್ತದೊತ್ತಡವನ್ನಾಗಲಿ ಮುಚ್ಚಿಕೊಳ್ಳುವ ಗಂಟಲನ್ನಾಗಲಿ ತಡೆಯಲಾರದು. ಅದಕ್ಕಿರುವ ಮದ್ದು ಅಡ್ರಿನಲಿನ್, ತೊಡೆಯ ಹೊರಬದಿಯ ಸ್ನಾಯುವಿಗೆ, ತಡಮಾಡದೆ. ತಲೆ ಸುತ್ತುವಾಗ ಎದ್ದು ನಡೆಯುವುದಂತೂ ಸಾವನ್ನು ಕರೆದಂತೆ; ಕಾಲು ಎತ್ತರಿಸಿ ಮಲಗಬೇಕು, ಉಸಿರಾಟ ಕಷ್ಟವಾದರೆ ಕಾಲು ಚಾಚಿ ಒರಗಿ ಕೂರಬೇಕು. ನನಗೆ ಇದೆಲ್ಲ ಹೇಳಿಕೊಟ್ಟಿದ್ದರು. ಕಾಗದದ ಮೇಲೆ ಬರೆದೂ ಕೊಟ್ಟಿದ್ದರು. ಆ ಕಾಗದವೂ ತಿಜೋರಿಯಲ್ಲಿತ್ತು.

ಇಪ್ಪತ್ತು ನಿಮಿಷದ ದಾರಿಯಲ್ಲಿದ್ದ ಆಸ್ಪತ್ರೆಯ ನರ್ಸ್ ನನ್ನನ್ನು ನೋಡುತ್ತಲೇ ಸೀರೆ ಸರಿಸಿ ತೊಡೆಗೆ ಚುಚ್ಚಿದರು. ಎರಡು ನಿಮಿಷದಲ್ಲಿ ಎದೆ ನಗಾರಿಯಂತೆ ಬಡಿದುಕೊಂಡಿತು, ಕೈ ನಡುಗಿತು, ಉಸಿರು ಒಳಗೆ ಬಂತು. ಸಂಜೆಗೆ ಮನೆಗೆ ಹೋಗುತ್ತೇನೆಂದು ಹಟ ಹಿಡಿದೆ, ಅವರು ಬಿಡಲಿಲ್ಲ. ರಾತ್ರಿ ಎರಡು ಗಂಟೆಗೆ ಮತ್ತೆ ಗಂಟಲು ಬಿಗಿಯಿತು. ಮೊದಲ ಅಲೆ ಇಳಿದು ಕೆಲವು ತಾಸುಗಳ ಮೇಲೆ ಏನನ್ನೂ ತಿನ್ನದೆಯೇ ಎರಡನೆಯ ಅಲೆ ಬರಬಹುದಂತೆ. ಬಂತು.

ಆಮೇಲೆ ಮೂರು ತಿಂಗಳು ಅಡುಗೆಯವರನ್ನು ಬೈದೆ. ಆ ಹುಡುಗನನ್ನು ಬೈದೆ. ಮಾವನ ಮನೆಯವರ ಮೇಲೆ ಮುನಿದು ಪಂಚಮಿಗೂ ಅತ್ತ ಹೋಗಲಿಲ್ಲ. ಒಂದು ದಿನ ಮಾವನೇ ಹುಬ್ಬಳ್ಳಿಗೆ ಬಂದವರು ಚಹಾ ಕುಡಿಯುತ್ತ ಹೇಳಿದರು: ‘ಅಡುಗೆಯವರನ್ನು ಕೇಳಿದೆನವ್ವಾ. ಗುರೆಳ್ಳು ಸಾಲಲಿಲ್ಲ ಎಂದು ಎರಡು ಸೇರು ಶೇಂಗಾ ಹುರಿದು ಹಾಕಿದ್ದರಂತೆ. ನೀನು ಬೆಳಿಗ್ಗೆ ಒಂದು ಮಾತು ನನಗೆ ಹೇಳಿದ್ದರೆ ನಿನ್ನ ಪಾಲಿನದನ್ನು ಬೇರೆ ಮಾಡಿಸುತ್ತಿರಲಿಲ್ಲವೇ? ನಿನಗೆ ಶೇಂಗಾ ಇಷ್ಟವಿಲ್ಲ ಎಂದಷ್ಟೇ ನನಗೆ ಗೊತ್ತು.’

ನಲವತ್ತು ವರ್ಷ ನನ್ನನ್ನು ಎತ್ತಿ ಆಡಿಸಿದ ಸೋದರಮಾವನಿಗೇ ನಾನು ಸರಿಯಾಗಿ ಹೇಳಿರಲಿಲ್ಲ. (ನಲವತ್ತು ಎಂಬುದು ಅವರ ಲೆಕ್ಕ, ನನಗೆ ಆಗ ಮೂವತ್ತೆರಡು.) ಪಂಕ್ತಿಯಲ್ಲಿ ಬಡಿಸುವ ಹುಡುಗನನ್ನು ಕೇಳುವುದು ಕೇಳಿದಂತೆ ಆಗುವುದಿಲ್ಲ. ಅವನಿಗೆ ಅಡುಗೆ ಗೊತ್ತಿಲ್ಲ, ಬಕೆಟ್ ಮಾತ್ರ ಗೊತ್ತು. ಮುಂದೆ ಏನಾದರೂ ಆದರೆ ‘ನಾನು ಕೇಳಿದ್ದೆ’ ಎನ್ನಲು ಒಂದು ಸಾಕ್ಷಿ ಬೇಕಿತ್ತು ನನಗೆ, ಅವನನ್ನು ಸಾಕ್ಷಿ ಮಾಡಿಕೊಂಡೆ.

ಅಂದಿನಿಂದ ಕೇಳುವ ರೀತಿಯನ್ನು ಬದಲಿಸಿದೆ. ‘ಶೇಂಗಾ ಇದೆಯೇ’ ಎಂದರೆ ಬಾಯಿ ತಪ್ಪಿ ‘ಇಲ್ಲ’ ಬರುತ್ತದೆ. ‘ಮಸಾಲೆಗೆ ಏನೇನು ಹಾಕಿದ್ದೀರಿ’ ಎಂದರೆ ಅಡುಗೆ ಮಾಡಿದವರು ನೆನಪಿಸಿಕೊಂಡು ಒಂದೊಂದೇ ಹೇಳುತ್ತಾರೆ. ಎಣ್ಣೆ ಯಾವುದು ಎಂದೂ ಕೇಳುತ್ತೇನೆ. ರಿಫೈನ್ಡ್ ಎಣ್ಣೆಯಲ್ಲಿ ಶೇಂಗಾದ ಪ್ರೋಟೀನ್ ಬಹುಪಾಲು ಹೋಗಿರುತ್ತದೆ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಈಗ ಆರೋಗ್ಯದ ಹೆಸರಿನಲ್ಲಿ ಗಾಣದ ಎಣ್ಣೆಗೆ ಮರಳಿದ ಮನೆಗಳು ಬಹಳ. ಬೇರೆಯವರ ಆರೋಗ್ಯಕ್ಕೆ ಒಳ್ಳೆಯದೇ ಇರಬಹುದು.

ಊರು ಬದಲಾದರೆ ಪದವೂ ಬದಲಾಗುತ್ತದೆ. ಬೆಂಗಳೂರಿನಲ್ಲಿ ತರಬೇತಿಗೆ ಹೋದಾಗ ಉಪಾಹಾರ ಗೃಹದಲ್ಲಿ ‘ಇದು ಯಾವ ಚಟ್ನಿ’ ಎಂದೆ. ‘ಕಡಲೆ ಚಟ್ನಿ ಮೇಡಂ’ ಎಂದರು. ನಮ್ಮಲ್ಲಿ ಕಡಲೆ ಎಂದರೆ ಕಡಲೆಯೇ, ಹುರಿದರೆ ಪುಟಾಣಿ. ಇಡ್ಲಿಯ ಚೂರನ್ನು ಅದ್ದಿ ಬಾಯಿಯ ಹತ್ತಿರ ತಂದಾಗ ಮೂಗಿಗೆ ಅಪ್ಪನ ಅಂಗಳದ ವಾಸನೆ ಬಂತು. ಅವರು ಹೇಳಿದ್ದು ಕಡಲೆಬೀಜ. ಪುಟಾಣಿಗೆ ಅಲ್ಲಿ ಹುರಿಗಡಲೆ ಎನ್ನುತ್ತಾರೆ. ಒಂದೇ ಕನ್ನಡ, ನಾನೂರು ಕಿಲೋಮೀಟರ್ ದೂರಕ್ಕೆ ಹೋದರೆ ಒಂದು ಪದಕ್ಕೆ ಜೀವ ಹೋಗುತ್ತದೆ. ಈಗ ದಕ್ಷಿಣದ ಕಡೆ ಹೋದರೆ ಶೇಂಗಾ, ಕಡಲೆಕಾಯಿ, ಕಡಲೆಬೀಜ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇನೆ, ಮಂತ್ರದಂತೆ.

‘ಆಗಿಬರುವುದಿಲ್ಲ’ ಎನ್ನುವುದನ್ನು ಬಿಟ್ಟಿದ್ದೇನೆ. ‘ಶೇಂಗಾ ತಿಂದರೆ ನಾನು ಸಾಯಬಹುದು’ ಎನ್ನುತ್ತೇನೆ. ಮೊದಮೊದಲು ಬಹಳ ಕಷ್ಟವಾಯಿತು. ಸೀಮಂತದ ಮನೆಯಲ್ಲಿ, ಮದುವೆಯ ಮನೆಯಲ್ಲಿ ಸಾವಿನ ಮಾತೇ? ‘ಬಿಡ್ತು ಅನ್ನು’ ಎಂದು ಅತ್ತೆ ಗದರಿದರು. ಆದರೆ ಆ ಮಾತು ಬಿದ್ದಲ್ಲಿ ಸೌಟು ನಿಲ್ಲುತ್ತದೆ. ಬೇರೆ ಯಾವ ಮಾತಿಗೂ ನಿಂತಿಲ್ಲ.

ನಮ್ಮ ಮನೆಯಲ್ಲಿ ಶೇಂಗಾವನ್ನು ನಾನು ನಿಷೇಧಿಸಿಲ್ಲ. ಅತ್ತೆಗೆ ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ, ಎಪ್ಪತ್ತರ ವಯಸ್ಸಿನಲ್ಲಿ ಅವರ ನಾಲಿಗೆಯನ್ನು ಕಸಿದುಕೊಳ್ಳುವುದು ನನಗೆ ನ್ಯಾಯವೆನಿಸಲಿಲ್ಲ. ಅವರ ಕೆಂಪು ಮುಚ್ಚಳದ ಡಬ್ಬಿ, ಅದರ ಚಮಚ, ಕುಟ್ಟುವ ಸಣ್ಣ ಒರಳು, ಹುರಿಯುವ ಬಾಣಲೆ ಎಲ್ಲವೂ ಬೇರೆ. ತಿಂದ ಮೇಲೆ ಸಾಬೂನು ಹಾಕಿ ಕೈ ತೊಳೆಯುತ್ತಾರೆ. ಸ್ಯಾನಿಟೈಸರ್ ಸವರಿಕೊಂಡರೆ ಶೇಂಗಾದ ಪ್ರೋಟೀನ್ ಹೋಗುವುದಿಲ್ಲ, ಸಾಬೂನು ನೀರಿಗೆ ಹೋಗುತ್ತದೆ. ಕೊರೊನಾ ಕಾಲದಲ್ಲಿ ಇದನ್ನು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಹತ್ತು ವರ್ಷದಲ್ಲಿ ಮನೆಯೊಳಗೆ ಆದ ಒಂದೇ ಅಚಾತುರ್ಯ ನನ್ನಿಂದ ಆದದ್ದು, ಅವಸರದಲ್ಲಿ ಅವರ ಬಾಣಲೆಯಲ್ಲಿ ನಾನೇ ಒಗ್ಗರಣೆ ಹಾಕಿದ್ದೆ. ‘ಅದು ನನ್ನದು!’ ಎಂದು ಕಿರುಚಿ ಕಸಿದುಕೊಂಡವರು ಅತ್ತೆಯೇ.

ರೈಲಿನಲ್ಲಿ ಪಕ್ಕದವರು ಶೇಂಗಾ ಸುಲಿಯತೊಡಗಿದರೆ ಏನು ಮಾಡುತ್ತೀರಿ ಎಂದು ಹಲವರು ಕೇಳುತ್ತಾರೆ. ಜಾಗ ಬದಲಿಸುತ್ತೇನೆ. ಬರೀ ವಾಸನೆಯಿಂದ ಇಂತಹ ಆಘಾತ ಸಾಮಾನ್ಯವಾಗಿ ಆಗುವುದಿಲ್ಲ ಎಂದು ವೈದ್ಯರು ಹೇಳಿದ ದಿನ ಅರ್ಧ ಭಾರ ಇಳಿದಂತಾಗಿತ್ತು. ಪುಡಿ, ಸಿಪ್ಪೆ, ಅಂಟಿದ ಕೈ, ಇವುಗಳ ಬಗ್ಗೆ ಎಚ್ಚರ ಸಾಕು. ಒದ್ದೆ ಬಟ್ಟೆಯಿಂದ ಸೀಟು ಒರೆಸಿ ಕೂರುತ್ತೇನೆ. ಇಡೀ ಬೋಗಿಗೆ ಭಾಷಣ ಮಾಡುವುದಿಲ್ಲ. ಹುಬ್ಬಳ್ಳಿಯಲ್ಲಿ ತಿಂಡಿಗೆ ಹೆಸರಾದ ದುರ್ಗದ ಬೈಲಿಗೂ ಗೆಳತಿಯರ ಜೊತೆ ಹೋಗುತ್ತೇನೆ. ಅವರು ಗಿರ್ಮಿಟ್ ತಿನ್ನುತ್ತಾರೆ, ನಾನು ಚಹಾ ಕುಡಿಯುತ್ತೇನೆ. ಮಿರ್ಚಿಯನ್ನೂ ಬಿಟ್ಟಿದ್ದೇನೆ, ಅದೇ ಎಣ್ಣೆಯಲ್ಲಿ ಮಸಾಲೆ ಶೇಂಗಾ ಕರಿಯುವುದನ್ನು ಕಣ್ಣಾರೆ ಕಂಡ ಮೇಲೆ. ಮಳೆ ಸುರಿಯುವ ಸಂಜೆ ಈ ತ್ಯಾಗ ಸುಲಭವಲ್ಲ ಎಂದು ದಾಖಲೆಗಾಗಿ ಹೇಳಿಬಿಡುತ್ತೇನೆ.

ಪೊಟ್ಟಣದ ತಿನಿಸಿನಲ್ಲಿ ಶೇಂಗಾ, ಹಾಲು, ಮೊಟ್ಟೆ, ಮೀನು, ಸೋಯಾ ಮುಂತಾದವು ಇದ್ದರೆ ಲೇಬಲ್ ಮೇಲೆ ಪ್ರತ್ಯೇಕವಾಗಿ ಹೇಳಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಅಕ್ಷರಗಳು ಇರುವೆಯ ಸಾಲಿನಂತಿರುತ್ತವೆ, ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದುತ್ತೇನೆ. ಪ್ರತಿ ಸಲವೂ ಓದುತ್ತೇನೆ, ಕಳೆದ ತಿಂಗಳು ತಿಂದ ಬಿಸ್ಕತ್ತೇ ಆದರೂ. ತಯಾರಿಕೆಯ ಬಗೆ ಯಾವಾಗ ಬದಲಾಗುತ್ತದೆಯೋ ನನಗೆ ಯಾರೂ ಕಾಗದ ಬರೆಯುವುದಿಲ್ಲ. ಹೊರಗೆ ತೂಗಿ ಕೊಡುವ ಖಾರಾ, ಚಿವಡಾ, ಬರ್ಫಿಗಳಿಗೆ ಲೇಬಲ್ ಇಲ್ಲ. ಅವು ನನಗೂ ಇಲ್ಲ.

‘ದಿನಾ ಒಂದೊಂದು ಕಾಳು ತಿಂದು ರೂಢಿ ಮಾಡಿಕೊಳ್ಳಿ’ ಎನ್ನುವವರು ಪ್ರತಿ ಸಮಾರಂಭದಲ್ಲಿ ಒಬ್ಬರಾದರೂ ಇರುತ್ತಾರೆ. ಅವರಿಗೆ ನಾನು ಫ್ರಾನ್ಸಿನ ನಾಯಿಯ ಕತೆ ಹೇಳುತ್ತೇನೆ. ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಎಂಬಿಬ್ಬರು ಸಮುದ್ರದ ಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು, ಅವುಗಳಿಗೆ ರಕ್ಷಣೆ ಬೆಳೆಯುತ್ತದೆಯೇ ಎಂದು ನೋಡಿದರು. ಮೊದಲ ಸಲ ತಾಳಿಕೊಂಡಿದ್ದ ನಾಯಿ ಕೆಲವು ವಾರಗಳ ನಂತರ ತೀರ ಸಣ್ಣ ಪ್ರಮಾಣಕ್ಕೇ ಸತ್ತಿತು. 1902ರಲ್ಲಿ ಅವರು ಇದಕ್ಕಿಟ್ಟ ಹೆಸರೇ ಅನಾಫಿಲ್ಯಾಕ್ಸಿಸ್. ರಿಶೆಗೆ 1913ರಲ್ಲಿ ನೊಬೆಲ್ ಬಂತು. ಈಗ ತಜ್ಞರು ಮಿಲಿಗ್ರಾಂ ಲೆಕ್ಕದಲ್ಲಿ ಶೇಂಗಾ ಕೊಡುತ್ತ ದೇಹವನ್ನು ಪಳಗಿಸುವ ಚಿಕಿತ್ಸೆ ಇದೆ, ನಿಜ. ಅದು ಅವರ ಕಣ್ಗಾವಲಿನಲ್ಲಿ ಆಗಬೇಕಾದದ್ದು, ಬೀಗರ ಮನೆಯ ಪಡಸಾಲೆಯಲ್ಲಲ್ಲ.

ತಿಜೋರಿಯಲ್ಲಿದ್ದ ಮದ್ದು ಈಗ ಅವ್ವನ ಹಳೆಯ ಎಲೆಅಡಿಕೆ ಡಬ್ಬಿಯಲ್ಲಿದೆ. ಹೊರದೇಶಗಳಲ್ಲಿ ಒತ್ತಿದರೆ ಸಾಕು ಎನ್ನುವಂತಹ ಪೆನ್ನು ಬರುತ್ತದೆ. ನಾನು ಕೇಳಿದ ಔಷಧ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ನನ್ನದು ಎರಡು ಆಂಪ್ಯೂಲ್, ಎರಡು ಸಿರಿಂಜ್, ಹತ್ತಿ, ವೈದ್ಯರು ಪ್ರಮಾಣ ಬರೆದು ಸಹಿ ಮಾಡಿದ ಚೀಟಿ. ಎರಡೇಕೆಂದರೆ ಐದರಿಂದ ಹದಿನೈದು ನಿಮಿಷದಲ್ಲಿ ಇಳಿಯದಿದ್ದರೆ ಮತ್ತೊಮ್ಮೆ ಬೇಕಾಗಬಹುದು. ಡಬ್ಬಿಯ ಮುಚ್ಚಳದ ಒಳಗೆ 108 ಎಂದು ಬರೆದು ಅಂಟಿಸಿದ್ದೇನೆ, ಗಾಬರಿಯಲ್ಲಿ ಅದೂ ಮರೆಯುತ್ತದೆ. ಈ ಮದ್ದಿಗೆ ಬಿಸಿಲು, ಬೆಳಕು ಎರಡೂ ಶತ್ರು, ಆದ್ದರಿಂದ ಏಪ್ರಿಲ್‌ನ ಹುಬ್ಬಳ್ಳಿ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟುಬರುವಂತಿಲ್ಲ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಅವಧಿ ನೋಡುತ್ತೇನೆ.

ಅವಧಿ ಮುಗಿದ ಆಂಪ್ಯೂಲ್‌ಗಳನ್ನು ಎಸೆಯುವ ಮೊದಲು ಮಗ, ಗಂಡ ಮತ್ತು ಕಚೇರಿಯ ಇಬ್ಬರಿಗೆ ಪಾಠ ನಡೆಯುತ್ತದೆ: ಶೀಶೆಯ ಕುತ್ತಿಗೆ ಮುರಿಯುವುದು, ಮದ್ದು ಎಳೆಯುವುದು, ಗುಳ್ಳೆ ತೆಗೆಯುವುದು, ಚುಚ್ಚುವುದು. ತೊಡೆಯ ಬದಲಿಗೆ ಒಂದು ದಪ್ಪ ಬದನೆಕಾಯಿ. ಹದಿಮೂರು ವರ್ಷದ ಮಗನ ಕೈ ಎಲ್ಲರಿಗಿಂತ ಸ್ಥಿರವಾಗಿದೆ. ಮೊದಲ ಸಲ ಅವನು ಚುಚ್ಚಿದಾಗ ಆ ಬದನೆಕಾಯಿಯ ಮೇಲೆ ನನಗಿದ್ದ ಹಳೆಯ ಸೇಡು ಸ್ವಲ್ಪ ತೀರಿತು.

ಬೇರೆಯವರಿಗೆ ಹೊಣೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕೇಳಿದಾಗ ಸುಳ್ಳು ಹೇಳುವ ಅಡುಗೆಯವರು, ಲೇಬಲ್ ಬರೆಯದ ತಯಾರಕರು ತಪ್ಪಿತಸ್ಥರೇ. ಚಿಕ್ಕ ಮಕ್ಕಳ ಮೇಲಂತೂ ಈ ಭಾರ ಹೊರಿಸಬಾರದು, ಅದನ್ನು ದೊಡ್ಡವರು, ಶಾಲೆಯವರು ಹೊರಬೇಕು. ಆದರೆ ನಾನು ಉಣ್ಣುವ ಪ್ರತಿಯೊಂದು ಊಟದಲ್ಲಿಯೂ ಹಾಜರಿರುವವಳು ನಾನೊಬ್ಬಳೇ. ಆಗಿಬರುವುದಿಲ್ಲ ಎಂದು ಮುಗುಳ್ನಕ್ಕು ಸುಮ್ಮನಾಗುವ ಸೌಜನ್ಯದ ಬೆಲೆಯನ್ನು ಆ ಮೇ ತಿಂಗಳಲ್ಲಿ ಮಾವನ ಮನೆಯವರೆಲ್ಲ ತೆತ್ತರು. ಮದುಮಗಳು ಅರಿಶಿನದ ಕೈಯಲ್ಲಿಯೇ ಆಸ್ಪತ್ರೆಗೆ ಬಂದು ಕೂತಿದ್ದಳು.

ಹೋದ ತಿಂಗಳು ಧಾರವಾಡದಲ್ಲಿ ಒಂದು ಮದುವೆ. ಚಿಗರಿ ಬಸ್ಸಿನಲ್ಲಿ ಹೋದೆ, ರೇಷ್ಮೆ ಸೀರೆಗೆ ಒಪ್ಪದ ದೊಡ್ಡ ಬ್ಯಾಗು ಹೆಗಲಲ್ಲಿತ್ತು. ಅಕ್ಷತೆಗೆ ಮೊದಲೇ ನೇರವಾಗಿ ಅಡುಗೆಯ ಕಡೆ ನಡೆದೆ. ಹಿರಿಯ ಅಡುಗೆಯವರು ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ನಿಂತಿದ್ದರು. ‘ಕಾಕಾ, ಶೇಂಗಾ ತಿಂದರೆ ನಾನು ಸಾಯಬಹುದು. ಪಲ್ಯದ ಮಸಾಲೆಗೆ ಏನೇನು ಹಾಕಿದ್ದೀರಿ?’ ಎಂದೆ. ಅವರು ಸೌಟು ಕೆಳಗಿಟ್ಟರು. ‘ಎಳ್ಳು, ಗುರೆಳ್ಳು, ಒಣಕೊಬ್ಬರಿ, ಪುಟಾಣಿ…’ ಎಂದು ಬೆರಳು ಮಡಚುತ್ತ ಬಂದು ತಡೆದರು. ಪಕ್ಕದ ಮಿಕ್ಸಿಯ ಕಡೆ ನೋಡಿದರು. ‘ಬೆಳಿಗ್ಗೆ ಅದರಲ್ಲಿ ಶೇಂಗಾ ರುಬ್ಬಿದ್ದೇವೆ ತಂಗಿ. ನೀನು ಏನನ್ನೂ ತಿನ್ನಬೇಡ.’

ಪಂಕ್ತಿಯಲ್ಲಿ ಕೂತು ನನ್ನ ಡಬ್ಬಿ ಬಿಚ್ಚಿದೆ. ಎರಡು ರೊಟ್ಟಿ, ಪುಂಡಿಪಲ್ಯ. ಪಕ್ಕದ ಅಜ್ಜಿ ಬಗ್ಗಿ ನೋಡಿ, ‘ವ್ರತವೇನವ್ವಾ?’ ಎಂದರು. ಉತ್ತರ ಹೇಳುವಷ್ಟರಲ್ಲಿ ಬಡಿಸುವ ಹುಡುಗನೊಬ್ಬ ಬಂದು ನನ್ನ ಖಾಲಿ ಎಲೆಯ ಮೇಲೆ ಒಂದು ಬಾಳೆಹಣ್ಣು ಇಟ್ಟ. ‘ಅಡುಗೆಯ ಕಾಕಾ ಕಳಿಸಿದ್ದಾರೆ. ಸಾಬೂನಿನಿಂದ ಕೈ ತೊಳೆದುಕೊಂಡೇ ಗೊನೆಯಿಂದ ಕಿತ್ತಿದ್ದಾರಂತೆ, ಇದಕ್ಕೆ ತಾನು ಏನನ್ನೂ ಹಾಕಿಲ್ಲ ಎಂದು ಹೇಳು ಅಂದರು.’